ಸಹಾಯ ಬೇಕು: ಮಗಳ ಎಕ್ಸಿಮಾಗೆ ಟ್ಯಾಕ್ರೋಲಿಮಸ್ ಮುಲಾಮು ಹಚ್ಚುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ಆರು ವರ್ಷದ ನನ್ನ ಮಗಳಿಗೆ ಮೊಣಕೈ ಮಡಿಕೆಯಲ್ಲೂ ಕಣ್ಣಿನ ಸುತ್ತಲೂ ಎಕ್ಸಿಮಾ (ಚರ್ಮ ಒಣಗಿ, ಕೆಂಪಾಗಿ ತುರಿಸುವ ತೊಂದರೆ) ಇದೆ. ಮುಖಕ್ಕೆ ಸ್ಟೀರಾಯ್ಡ್ ಕ್ರೀಮನ್ನು ಬಹಳ ಕಾಲ ಹಚ್ಚಿದರೆ ಚರ್ಮ ತೆಳುವಾಗಬಹುದೆಂಬ ಕಾರಣದಿಂದ ಚರ್ಮವೈದ್ಯರು ಅಲ್ಲಿಗೆ ಸ್ಟೀರಾಯ್ಡ್ ಅಲ್ಲದ, ಶೇಕಡಾ 0.03ರ ಟ್ಯಾಕ್ರೋಲಿಮಸ್ ಮುಲಾಮನ್ನು ಬರೆದುಕೊಟ್ಟಿದ್ದಾರೆ. ಕೈಗೆ ಸ್ಟೀರಾಯ್ಡ್ ಕ್ರೀಮೇ ಮುಂದುವರಿದಿದೆ. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲ ಗೆರೆಯವರೆಗೆ ಹಿಂಡಿದ ಕ್ರೀಮು, ಅಂದರೆ ಸುಮಾರು ಅರ್ಧ ಗ್ರಾಂ, ಬೆರಳುಗಳೂ ಸೇರಿ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕೆಂಬ ಅಳತೆ ನಮಗೆ ಸ್ಪಷ್ಟವಾಗಿದೆ.

ನನ್ನ ಪ್ರಶ್ನೆ ಟ್ಯಾಕ್ರೋಲಿಮಸ್ ಕುರಿತದ್ದು. ಹಚ್ಚಿದ ಜಾಗ ಉರಿಯುತ್ತದೆಂದು ಅವಳು ಅಳುತ್ತಾಳೆ. ಮೊದಲ ಕೆಲವು ದಿನ ಇದು ಸಾಮಾನ್ಯ, ಕ್ರಮೇಣ ಕಡಿಮೆಯಾಗುತ್ತದೆ ಎಂದು ವೈದ್ಯರು ಹೇಳಿದ್ದರೂ, ಅಳುವ ಮಗುವನ್ನು ಹಿಡಿದು ಹಚ್ಚುವುದು ನನಗೆ ಬಹಳ ಸಂಕಟವಾಗುತ್ತಿದೆ. ಚಿಕ್ಕ ಮಕ್ಕಳಿಗೆ ಇದನ್ನು ಬಳಸಿರುವ ತಂದೆತಾಯಿಯರು, ಸ್ನಾನದ ನಂತರ ಚರ್ಮ ಪೂರ್ತಿ ಒಣಗಿದ ಮೇಲೆ ಹಚ್ಚಿದಾಗ ಉರಿ ಕಡಿಮೆಯಾಯಿತೇ, ಮಾಯಿಶ್ಚರೈಸರ್‌ಗೂ ಮುಲಾಮಿಗೂ ನಡುವೆ ಎಷ್ಟು ಹೊತ್ತು ಬಿಟ್ಟಿರಿ, ಶಾಲೆಯ ಆಟದ ಸಮಯದಲ್ಲಿ ಬಿಸಿಲಿನಿಂದ ಮುಖವನ್ನು ಹೇಗೆ ಕಾಪಾಡಿದಿರಿ ಎಂಬುದನ್ನು ದಯವಿಟ್ಟು ತಿಳಿಸಿ.

ಸ್ಟೀರಾಯ್ಡ್ ಜೊತೆ ಆ್ಯಂಟಿಬಯಾಟಿಕ್, ಶಿಲೀಂಧ್ರನಾಶಕ ಬೆರೆಸಿ ಔಷಧಿ ಅಂಗಡಿಗಳಲ್ಲಿ ಮಾರುವ ಕ್ರೀಮುಗಳನ್ನು ಮಾತ್ರ ಸೂಚಿಸಬೇಡಿ. ನೀವು ಹೇಳಿದ್ದನ್ನು ವೈದ್ಯರಲ್ಲಿ ಕೇಳಿಯೇ ಅನುಸರಿಸುತ್ತೇನೆ.