ಪದಚರ್ಚೆ: 'ಇಂಪೇಷನ್ಸ್' ಅಂದರೆ ಅಸಹನೆಯೋ, ಆತುರವೋ?

ನಮಸ್ಕಾರ. ಈಗ ಸಿಗುವ ಲಾಭ, ತಡವಾಗಿ ಸಿಗುವ ಲಾಭ, ಇವೆರಡರಲ್ಲಿ ಜನ ಯಾವುದನ್ನು ಆರಿಸಿಕೊಳ್ಳುತ್ತಾರೆ ಅನ್ನುವ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. 'ಇಂಪೇಷನ್ಸ್' ಪದದ ಹತ್ತಿರ ಎರಡು ದಿನದಿಂದ ಸಿಕ್ಕಿಕೊಂಡಿದ್ದೇನೆ.

ನಿಘಂಟಿನಲ್ಲಿ 'ಅಸಹನೆ' ಸಿಗುತ್ತದೆ. ಆದರೆ ಅಸಹನೆ ಅಂದರೆ ಇನ್ನೊಬ್ಬರನ್ನು ಕಂಡರೆ ಆಗದಿರುವುದು, ಸಿಡಿಮಿಡಿ. ಇಲ್ಲಿ ಸಿಡಿಮಿಡಿಯೇ ಇಲ್ಲ. ಇವತ್ತು ನೂರು, ತಿಂಗಳು ಕಾದರೆ ನೂರಿಪ್ಪತ್ತು, ಯಾವುದು ಬೇಕು ಅಂತ ಕೇಳಿದಾಗ 'ಇವತ್ತಿನದೇ ಇರಲಿ' ಅನ್ನುವ ಮನಸ್ಸು ಇದು. ನಗುನಗುತ್ತಲೇ ಹಾಗೆ ಹೇಳಬಹುದು, ಅಲ್ವಾ?

'ಅವಸರ'ವೂ ಒಗ್ಗುತ್ತಿಲ್ಲ. ಅವಸರ ಇರುವುದು ಮಾಡುವ ಕೆಲಸದಲ್ಲಿ. ಅವಸರದಲ್ಲಿ ಬೀಗ ಹಾಕೋದು ಮರೆತೆ ಅಂತೀವಿ. 'ಆತುರ' ಸ್ವಲ್ಪ ಹತ್ತಿರ. ಆದರೆ 'ಆತುರಗಾರನಿಗೆ ಬುದ್ಧಿ ಮಟ್ಟ' ಅನ್ನುವ ಗಾದೆ ಬೆನ್ನಿಗೇ ಬರುತ್ತದೆ, ಬೈದ ಹಾಗೆ. ಅರ್ಥಶಾಸ್ತ್ರಜ್ಞ ಇರ್ವಿಂಗ್ ಫಿಶರ್ 1930ರಲ್ಲಿ ಬಡ್ಡಿಯ ಬಗ್ಗೆ ಬರೆದ ಪುಸ್ತಕದಲ್ಲಿ ಈ ಪದ ಬಳಸಿದ್ದು ಬೈಯೋದಕ್ಕಲ್ಲ. ಮುಂದಿನದಕ್ಕಿಂತ ಈಗಿನದಕ್ಕೆ ಮನಸ್ಸು ಎಷ್ಟು ಜಾಸ್ತಿ ಬೆಲೆ ಕಟ್ಟುತ್ತದೆ ಅನ್ನುವ ಅಳತೆ ಅದು. ಆದಾಯ ಕಡಿಮೆ ಇದ್ದರೆ ಈ ಅಳತೆ ಏರುತ್ತದೆ ಅಂತಲೂ ಅವರು ಬರೆದಿದ್ದಾರೆ. ಇವತ್ತಿನ ಖರ್ಚಿಗೇ ದುಡ್ಡು ಸಾಲದವರನ್ನು 'ತಾಳ್ಮೆಗೇಡಿ' ಅನ್ನೋದು ನನಗಂತೂ ಸರಿಕಾಣುವುದಿಲ್ಲ.

ಲೇಖನದ ಮುಖ್ಯ ಉದಾಹರಣೆ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಅವರ ಸೇಬಿನದು. ಇವತ್ತು ಒಂದು ಸೇಬು, ನಾಳೆಯಾದರೆ ಎರಡು: ಕೆಲವರು ಇವತ್ತಿನದನ್ನೇ ತೆಗೆದುಕೊಂಡಾರು. ಒಂದು ವರ್ಷ ಬಿಟ್ಟು ಒಂದು ಸೇಬು, ವರ್ಷದ ಮೇಲೆ ಒಂದು ದಿನ ಕಳೆದರೆ ಎರಡು: ಈಗ ಒಂದಕ್ಕೆ ಕೈಚಾಚುವವರು ಯಾರು? ಹೆಚ್ಚಿಗೆ ಕಾಯಬೇಕಾದದ್ದು ಎರಡು ಕಡೆಯೂ ಒಂದೇ ದಿನ. ಇದನ್ನು ಓದುತ್ತಲೇ ನನಗೆ ನೆನಪಾದದ್ದು 'ಬೇಯೋ ತನಕ ಇದ್ದವನು ಆರೋ ತನಕ ಇರಲಾರನೇ' ಅನ್ನುವ ಮಾತು. ಒಲೆಯ ಮುಂದೆ ಅರ್ಧ ಗಂಟೆ ಸುಮ್ನೆ ಕೂತವನು, ತಟ್ಟೆಗೆ ಬಿದ್ದ ಮೇಲೆ ಎರಡು ನಿಮಿಷ ತಡೆಯದೆ ನಾಲಿಗೆ ಸುಟ್ಟುಕೊಳ್ಳುತ್ತಾನೆ. ಕೈಗೆ ಹತ್ತಿರ ಬಂದಾಗಲೇ ತಡೆಯೋಕಾಗಲ್ಲ! ಹಾಗಾಗಿ 'ತಡೆಯಲಾರದತನ' ಅಂತ ಬರೆದಿಟ್ಟಿದ್ದೇನೆ. ಗೆಳೆಯರೊಬ್ಬರು 'ಈಗಬೇಕುತನ' ಅಂದರು, ತಮಾಷೆಗೆ. ಅರ್ಥವೇನೋ ತಪ್ಪಿಲ್ಲ.

ಇದರ ಜೊತೆಯ ಪದ 'ಡಿಸ್ಕೌಂಟಿಂಗ್'. 'ರಿಯಾಯಿತಿ' ಅಂದರೆ ಅಂಗಡಿಯ ಬೋರ್ಡು ಕಣ್ಣಿಗೆ ಬರುತ್ತದೆ. 'ಸೋಡಿ' ಚೆಂದ, ಆದರೆ ಈಗ ಎಷ್ಟು ಜನರಿಗೆ ಗೊತ್ತು? ನನ್ನ ಓಟು 'ಮುರಿದುಕೊಳ್ಳು'ವುದಕ್ಕೆ. ಬಡ್ಡಿ ಮುರಿದುಕೊಂಡು ಉಳಿದ ಸಾಲದ ಹಣ ಕೈಗೆ ಕೊಡುತ್ತಾರಲ್ಲ, ಅದೇ ಲೆಕ್ಕ. ಮುಂದೆ ಬರುವ ಹಣದಲ್ಲಿ ಕಾಯುವ ಕಷ್ಟವನ್ನು ಮುರಿದುಕೊಂಡರೆ ಅದರ ಈಗಿನ ಬೆಲೆ.

ಈ ಮುರಿತ ಎಲ್ಲ ಕಾಲಕ್ಕೂ ಒಂದೇ ದರದಲ್ಲಿ ಇರುವುದಿಲ್ಲ. 1981ರಲ್ಲಿ ಥೇಲರ್ ಕೇಳಿದ್ದರು: ಈಗ ಸಿಗುವ 15 ಡಾಲರ್ ತಡವಾಗಿ ಬರುವುದಾದರೆ ಎಷ್ಟಾಗಿ ಬರಬೇಕು? ಬಂದ ಉತ್ತರಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಇಟ್ಟರೆ ನಟ್ಟನಡುವೆ ಬರುವ ಉತ್ತರ: ಒಂದು ತಿಂಗಳು ತಡವಾದರೆ 20, ಒಂದು ವರ್ಷವಾದರೆ 50, ಹತ್ತು ವರ್ಷವಾದರೆ 100. ಒಂದೇ ತಿಂಗಳಿಗೆ 5 ಡಾಲರ್ ಜಾಸ್ತಿ ಕೇಳಿದವರು ಹತ್ತು ವರ್ಷಕ್ಕೆ ಕೇಳಿದ್ದು 85 ಮಾತ್ರ ಜಾಸ್ತಿ. ದೂರ ಹೋದ ಹಾಗೆ ಇಳಿಯುವ ಈ ದರಕ್ಕೆ 'ಇಳಿಮುರಿತ' ಅನ್ನಬಹುದೇ? ಬಾಯಿಗೆ ಸ್ವಲ್ಪ ಒರಟು.

'ತಡೆಯಲಾರದತನ' ಉದ್ದವಾಯಿತೇ? ನಿಮ್ಮ ಕಡೆ ಮಾತಿನಲ್ಲಿ ಬೇರೆ ಪದ ಇದ್ದರೆ, ಅದನ್ನು ಬಳಸುವ ಒಂದು ವಾಕ್ಯದ ಸಮೇತ ತಿಳಿಸಿ.