ಕನ್ನಡ ಪಠ್ಯ ಕಂಪ್ರೆಸ್ ಮಾಡಲು ಟ್ರೈ ಒಳ್ಳೆಯದಾ, ಹ್ಯಾಶ್ ಟೇಬಲ್ಲಾ?

ಬನಶಂಕರಿಯ ಕಾಲೇಜೊಂದರಲ್ಲಿ ಆರನೇ ಸೆಮಿಸ್ಟರ್ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಕನ್ನಡ ಪಠ್ಯ ಕಂಪ್ರೆಸ್ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದೇನೆ, ಸಿ ಭಾಷೆಯಲ್ಲಿ. ಎಲ್‌ಝಡ್‌ಡಬ್ಲ್ಯೂ ಡಿಕ್ಷನರಿಗೆ, ಅಂದರೆ ಹಿಂದೆ ಬಂದ ಬೈಟ್ ಸಾಲುಗಳಿಗೆ ಒಂದೊಂದು ಕೋಡ್ ಕೊಟ್ಟಿಡುವ ಪಟ್ಟಿಗೆ, ಟ್ರೈ (ಒಂದೊಂದು ಬೈಟ್‌ಗೂ ಕವಲೊಡೆಯುವ ಮರ) ಹಾಕಿದೆ, ಮೆಮೊರಿ ಸಿಕ್ಕಾಪಟ್ಟೆ ತಿನ್ನುತ್ತಿದೆ. ಮಾಡಿ ನೋಡಿದವರು ದಯವಿಟ್ಟು ಹೇಳಿ.

— ನಾನೂ ಅಲ್ಲೇ ಸಿಕ್ಕಿಕೊಂಡಿದ್ದೆ. ತಪ್ಪು ಟ್ರೈಯದ್ದಲ್ಲ, ನೋಡ್‌ಗೆ (ಮರದ ಒಂದು ಗಂಟಿಗೆ) 256 ಪಾಯಿಂಟರ್ (ಮುಂದಿನ ಗಂಟಿನ ವಿಳಾಸ) ಇಟ್ಟಿರುತ್ತೀರಿ, ಅಲ್ವಾ? 64 ಬಿಟ್ ಯಂತ್ರದಲ್ಲಿ ಒಂದು ನೋಡ್‌ಗೇ 2 ಕೆಬಿ ಆಯಿತು. 65,536 ನೋಡ್ ಅಂದರೆ 128 ಎಂಬಿ, ಅದರಲ್ಲಿ ಮುಕ್ಕಾಲುಪಾಲಿಗಿಂತ ಜಾಸ್ತಿ ಖಾಲಿ. ನಾನು ಕೊನೆಗೆ ಒಂದೇ ಹ್ಯಾಶ್ ಟೇಬಲ್ (ಕೀಯಿಂದ ಲೆಕ್ಕ ಹಾಕಿ ನೇರ ಜಾಗಕ್ಕೆ ಹೋಗುವ ಪಟ್ಟಿ) ಮಾಡಿಕೊಂಡೆ: ಹಿಂದಿನ ಕೋಡ್ ಮತ್ತು ಈಗ ಬಂದ ಬೈಟ್ ಸೇರಿ ಕೀ, ಹೊಸ ಕೋಡ್ ವ್ಯಾಲ್ಯೂ. 1,31,072 ಸ್ಲಾಟ್, ಒಂದಕ್ಕೆ 8 ಬೈಟ್, ಒಟ್ಟು 1 ಎಂಬಿ. ಡಿಕೋಡರ್‌ಗೆ ಹ್ಯಾಶ್ ಬೇಕಾಗೇ ಇಲ್ಲ, ಎರಡು ಅರೇ ಸಾಕು. ಒಂದರಲ್ಲಿ ತಾಯಿ ಕೋಡ್ (ಹಿಂದಿನ ಕೋಡ್), ಇನ್ನೊಂದರಲ್ಲಿ ಕೊನೆಯ ಬೈಟ್. ಪದ ಹಿಂದುಮುಂದಾಗಿ ಬರುತ್ತದೆ, ಸ್ಟ್ಯಾಕ್‌ಗೆ ಹಾಕಿ ತೆಗೆಯಿರಿ.

— ಡೇಟಾ ಸ್ಟ್ರಕ್ಚರ್ ಆರಿಸುವ ಮೊದಲು ನಿಮ್ಮ ಫೈಲಿನ ಬೈಟ್‌ಗಳನ್ನು ಒಮ್ಮೆ ಕಣ್ಣಾರೆ ನೋಡಿ. ನಾನು ನೋಡದೆ ಎರಡು ವಾರ ಕಳೆದುಕೊಂಡೆ. ನನ್ನದು ಎಲ್‌ಝಡ್77 ದಾರಿ (ಹಿಂದೆ ಬಂದ ಸಾಲು ಮತ್ತೆ ಬಂದರೆ ಎಷ್ಟು ಹಿಂದೆ, ಎಷ್ಟು ಉದ್ದ ಅಂತ ಮಾತ್ರ ಬರೆಯುವುದು): 32 ಕೆಬಿ ವಿಂಡೋ (ಹಿಂದಕ್ಕೆ ಹುಡುಕುವ ದೂರ), 3 ಬೈಟ್ ಹ್ಯಾಶ್, ಆ ಹ್ಯಾಶ್ ಹಿಂದೆ ಎಲ್ಲೆಲ್ಲಿ ಬಂದಿತ್ತೋ ಅವನ್ನೆಲ್ಲ ಪೋಣಿಸಿದ ಚೈನ್. ಇಂಗ್ಲಿಷ್ ಫೈಲ್ ಸರಾಗವಾಗಿ ಓಡಿತು. ಕನ್ನಡದ್ದು ತೆವಳಿತು. ಯಾಕೆಂದರೆ ಯುಟಿಎಫ್-8ರಲ್ಲಿ (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಪದ್ಧತಿ) ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಕೊಂಬು, ಸೊನ್ನೆ ಕೂಡ ಬೇರೆ ಬೇರೆ ಚಿಹ್ನೆ, ‘ಬೆಂಗಳೂರು’ ಅಂತ ಬರೆದರೆ 8 ಚಿಹ್ನೆ, 24 ಬೈಟ್. ಮೊದಲ ಬೈಟ್ ಯಾವಾಗಲೂ 224, ಎರಡನೆಯದು 178 ಇಲ್ಲವೇ 179. ಹಾಗಾಗಿ 3 ಬೈಟ್ ಹ್ಯಾಶ್ ಅಂದರೆ ಬರೀ ಒಂದು ಚಿಹ್ನೆ ಹುಡುಕಿದ ಹಾಗೆ. ‘ರ’ ಎಲ್ಲಿಲ್ಲ ಹೇಳಿ? ಚೈನ್ ಉದ್ದವಾಗುತ್ತಲೇ ಹೋಗುತ್ತದೆ. 6 ಬೈಟ್ ಹ್ಯಾಶ್ ಮಾಡಿ, ಚೈನ್‌ನಲ್ಲಿ ಇಷ್ಟೇ ಹೆಜ್ಜೆ ಅಂತ ಮಿತಿ ಹಾಕಿದ ಮೇಲೆ ಸರಿಹೋಯಿತು. ವಿಂಡೋನೂ ದೊಡ್ಡದು ಮಾಡಿ, 32 ಕೆಬಿಯಲ್ಲಿ ಹಿಡಿಯುವುದು ಸುಮಾರು 11,000 ಕನ್ನಡ ಚಿಹ್ನೆ ಮಾತ್ರ.

ಹಫ್‌ಮನ್ (ಹೆಚ್ಚು ಬರುವ ಬೈಟ್‌ಗೆ ಚಿಕ್ಕ ಕೋಡ್ ಕೊಡುವುದು) ಸೇರಿಸುವುದಾದರೆ ಯಾವ ಹೀಪ್ (ಅತಿ ಚಿಕ್ಕದನ್ನು ಬೇಗ ಕೊಡುವ ರಚನೆ) ಅಂತ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ. ಬೈಟ್‌ಗಳ ಮೇಲೆ ಮಾಡಿದರೆ ಇರುವುದೇ 256.

— ಇದಕ್ಕೊಂದು ಸೇರಿಸುತ್ತೇನೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಇಟ್ಟಿರುವುದು 128 ಜಾಗ. ಆಸ್ಕಿಯದ್ದೂ (ಇಂಗ್ಲಿಷ್ ಅಕ್ಷರ, ಅಂಕಿ, ವಿರಾಮ ಚಿಹ್ನೆ ಮುಂತಾದವು) 128. ಎರಡೂ ಸೇರಿ ಒಂದೇ ಬೈಟ್‌ನಲ್ಲಿ ಹಿಡಿಯುತ್ತವೆ! ಮೊದಲು ಹಾಗೆ ಬದಲಿಸಿಕೊಂಡು ಆಮೇಲೆ ಎಲ್‌ಝಡ್‌ಡಬ್ಲ್ಯೂಗೆ ಕೊಡಿ, ಡಿಕ್ಷನರಿಯಲ್ಲಿ ಅರ್ಧ ಚಿಹ್ನೆಗಳು ತುಂಬಿಕೊಳ್ಳುವುದು ತಪ್ಪುತ್ತದೆ. ‘ಹಫ್‌ಮನ್’ ಥರದ ಪದದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಕೂತಿರುತ್ತದೆ, ಅದು ಆ 128ರಲ್ಲಿ ಇಲ್ಲ. ಅಂಥವಕ್ಕೆ ಬಳಕೆಯಾಗದ ಒಂದು ಜಾಗವನ್ನು ಎಸ್ಕೇಪ್ ಬೈಟ್ (ಮುಂದಿನದು ಪಟ್ಟಿಯ ಹೊರಗಿನ ಚಿಹ್ನೆ ಅಂತ ಸೂಚಿಸುವುದು) ಅಂತ ತೆಗೆದಿಡಿ.