ತ್ರೀ-ಫೇಸ್ ಇಲ್ಲದ ಜಾಗದಾಗ ಪಿ11 ಪೈಪಿಗೆ ಪಿಡಬ್ಲ್ಯುಎಚ್‌ಟಿ: ಎಕ್ಸೋಥರ್ಮಿಕ್ ಕಿಟ್ ನಡೀತೈತೇನ್ರಿ?

ತಾರಿಹಾಳ_ಫ್ಯಾಬ್:
ನಮಸ್ಕಾರ್ರಿ. ಹಾವೇರಿ ಕಡೆ ಒಂದು ಸಕ್ಕರಿ ಕಾರ್ಖಾನಿ ಉಗಿ ಲೈನಿನಾಗ 6 ಬೆಸುಗಿ ಜಾಯಿಂಟ್ ಅದಾವ, ಪಿಡಬ್ಲ್ಯುಎಚ್‌ಟಿ (ಬೆಸುಗಿ ಆದ ಮ್ಯಾಲೆ ಬಿಸಿ ಮಾಡಿ ಹದ ಕೊಡೂದು) ಮಾಡಬೇಕು. ಎಸ್‌ಎ 335 ಪಿ11 (ಕ್ರೋಮಿಯಂ-ಮಾಲಿಬ್ಡಿನಂ ಬೆರೆಸಿದ ಉಕ್ಕು), 8 ಇಂಚು, ಶೆಡ್ಯೂಲ್ 80 (ಗೋಡಿ ದಪ್ಪದ ದರ್ಜೆ). ಕಬ್ಬು ನುರಿಸೋ ಹಂಗಾಮು ಶುರು ಆಗೂದ್ರಾಗ ಮುಗಿಸಬೇಕು. ಈಗ ಟರ್ಬೈನ್ ನಿಂತಾವ, ಪೈಪ್ ರ‍್ಯಾಕಿನ ತುದಿಗೆ ನಂಬೂವಂಥಾ ತ್ರೀ-ಫೇಸ್ ಇಲ್ಲ. ಜಾಯಿಂಟಿನ ಸುತ್ತ ಕಟ್ಟಿ ಬೆಂಕಿ ಹಚ್ಚೋ ಎಕ್ಸೋಥರ್ಮಿಕ್ ಕಿಟ್ ಆದ್ರ ಟ್ರಾನ್ಸ್‌ಫಾರ್ಮರ್, ಕೇಬಲ್ ಏನೂ ಬ್ಯಾಡ. ಅದು ಬಾಯ್ಲರ್ ಇನ್ಸ್‌ಪೆಕ್ಟರ್ ಮುಂದ ನಿಲ್ಲತೈತೇನ್ರಿ? ಇಲ್ಲಂದ್ರ ಸಣ್ಣ ಡಿಜಿ (ಡೀಸೆಲ್ ಜನರೇಟರ್) ಮ್ಯಾಲೆ ಹೆಂಗ ಮಾಡೂದು?

ಹದ_ಲೆಕ್ಕ (ಧಾರವಾಡ):
ಪಿ11ಕ್ಕೆ ಬೇಡ ಸರ್. ಕಾರಣ ಲೆಕ್ಕದಲ್ಲೇ ಇದೆ.

ಕಿಟ್‌ನೊಳಗಿರುವುದು ಹಳಿ ಬೆಸೆಯುವ ಥರ್ಮಿಟ್‌ನ ಜಾತಿಯದೇ: ಅಲ್ಯೂಮಿನಿಯಂ ಪುಡಿ, ಕಬ್ಬಿಣದ ಆಕ್ಸೈಡ್. ಅದಕ್ಕೆ ಬೆಂಕಿ ತಾಳುವ ಪುಡಿಯನ್ನೂ ಅಂಟನ್ನೂ ಬೆರೆಸಿ, ಉರಿಯುವ ವೇಗ ತಗ್ಗಿಸಿ, ಪೈಪಿನ ಸುತ್ತಳತೆಗೆ ಕೂರುವ ಅಚ್ಚು ಮಾಡಿರುತ್ತಾರೆ. ಹೊರವ್ಯಾಸ, ಗೋಡೆಯ ದಪ್ಪ, ಉಕ್ಕಿನ ದರ್ಜೆ ಮೂರನ್ನೂ ನೋಡಿ ಕಿಟ್ ಆರಿಸಬೇಕು. ಒಮ್ಮೆ ಹಚ್ಚಿದರೆ ಮುಗಿಯಿತು: ಏರುವ ವೇಗ, ಗರಿಷ್ಠ ತಾಪ, ಅಲ್ಲಿ ನಿಲ್ಲುವ ಹೊತ್ತು ಯಾವುದೂ ನಮ್ಮ ಕೈಯಲ್ಲಿಲ್ಲ. ಮೇಲಿನ ತಾಪದಲ್ಲಿ ನಿಲ್ಲುವುದೂ ಕೆಲವೇ ನಿಮಿಷ.

ನಿಮ್ಮ ಗೋಡೆ 12.7 ಮಿಮೀ. 25 ಮಿಮೀಗೆ 1 ಗಂಟೆಯಂತೆ ಕಡಿಮೆಯೆಂದರೆ ಅರ್ಧ ಗಂಟೆ ಸೋಕಿಂಗ್ (ಅದೇ ತಾಪದಲ್ಲಿ ನಿಲ್ಲಿಸುವುದು) ಬೇಕು. 700 ಡಿಗ್ರಿಯಲ್ಲಿ ಅರ್ಧ ಗಂಟೆಗೆ ಬರುವ ಹದ 5 ನಿಮಿಷದಲ್ಲೇ ಬರಬೇಕಾದರೆ, ಲಾರ್ಸನ್-ಮಿಲ್ಲರ್ ಸೂತ್ರದಂತೆ (ತಾಪ, ಹೊತ್ತು ಎರಡನ್ನೂ ಕೂಡಿಸಿ ಹದ ಅಳೆಯುವ ಲೆಕ್ಕ; ಸ್ಥಿರಾಂಕ 20) ಸುಮಾರು 740 ಡಿಗ್ರಿ ಬೇಕು. 3 ನಿಮಿಷವೇ ಸಿಕ್ಕರೆ 750. ಪಿ11ರ ಕೆಳ ಕ್ರಿಟಿಕಲ್ ತಾಪವೇ (ಉಕ್ಕಿನ ರಚನೆ ಬದಲಾಗತೊಡಗುವ ಮಿತಿ) ಸುಮಾರು 775. ಉಳಿದದ್ದು 25-35 ಡಿಗ್ರಿ ಅಂತರ. ಅಡ್ಡ ಪೈಪಿನಲ್ಲಿ ಮೇಲ್ಭಾಗಕ್ಕೂ ತಳಕ್ಕೂ ಅಷ್ಟು ವ್ಯತ್ಯಾಸ ಬೀಳುವುದು ಸಾಮಾನ್ಯ. ಹೀಗಾಗಿ ತಳಕ್ಕೆ ಹದ ಬರುವಷ್ಟರಲ್ಲಿ ಮೇಲ್ಭಾಗ 775 ದಾಟಬಹುದು. ದಾಟಿದ ಕಡೆ ಉಕ್ಕಿನ ಒಳರಚನೆ ಬದಲಾಗಿ, ಆರುವಾಗ ಹದವಿಲ್ಲದ ಗಡಸು ಭಾಗ ಉಳಿಯುತ್ತದೆ. ಯಾವ ಕೆಲಸಕ್ಕಾಗಿ ಪಿಡಬ್ಲ್ಯುಎಚ್‌ಟಿ ಮಾಡಿದೆವೋ ಅದೇ ಕೆಟ್ಟಂತೆ.

ಇನ್ನು ಚಾರ್ಟ್, ಅಂದರೆ ತಾಪ ಏರಿಳಿದ ದಾಖಲೆ. ಥರ್ಮೋಕಪಲ್ (ತಾಪ ಅಳೆಯುವ ತಂತಿ) ಕೂರಿಸಿ ದಾಖಲಿಸಿದರೂ ಗೆರೆ ನೆಟ್ಟಗೆ ಏರಿ, ಚೂಪಾಗಿ ಇಳಿದಿರುತ್ತದೆ. ಡಬ್ಲ್ಯುಪಿಎಸ್‌ನಲ್ಲಿ (ಬೆಸುಗೆಯ ವಿಧಾನದ ಪತ್ರ) ಬರೆದ ಏರಿಕೆಯ ಮಿತಿಗೂ ಸೋಕಿಂಗ್‌ಗೂ ಅದು ತಾಳೆಯಾಗುವುದಿಲ್ಲ. ಇನ್ಸ್‌ಪೆಕ್ಟರ್ ಮೊದಲು ಕೇಳುವುದೇ ಅದನ್ನು.

ಹುಬ್ಬಳ್ಳಿಯಲ್ಲಿ ರೈಲ್ವೆ ಕೆಲಸದ ಥರ್ಮಿಟ್ ಕಂಡವರು ಅದನ್ನೇ ಮಣ್ಣಿನಲ್ಲಿ ಕಲಸಿ ಕಟ್ಟಬಹುದೆಂದು ಯೋಚಿಸುವುದುಂಟು. ಖಂಡಿತ ಬೇಡ. ಅದು 2000 ಡಿಗ್ರಿ ಮೀರಿದ ಕರಗಿದ ಉಕ್ಕು ಸುರಿಯಲೆಂದೇ ಮಾಡಿದ ಮಿಶ್ರಣ.

ಗದಗ_ಹೀಟರ್:
ಡಿಜಿ ಮ್ಯಾಲೆ ಆರಾಮ ಆಗತೈತ್ರಿ, ದೊಡ್ಡದೇನೂ ಬ್ಯಾಡ. 219 ಮಿಮೀ ಪೈಪಿಗೆ ಬಿಸಿ ಮಾಡೋ ಪಟ್ಟಿ ಜಾಯಿಂಟ್ ನಡುವಿಟ್ಟು ಸುಮಾರು 200 ಮಿಮೀ ಅಗಲ ಸಾಕು. ಅಷ್ಟು ಉಕ್ಕು 13 ಕೆಜಿ ಬರತೈತಿ. 60 ವೋಲ್ಟ್, 45 ಆಂಪಿಯರಿನ ಸೆರಾಮಿಕ್ ಪ್ಯಾಡ್ ಒಂದು 2.7 ಕಿಲೋವ್ಯಾಟ್. ಮೂರು ಹಾಕಿದ್ರ 8 ಕಿಲೋವ್ಯಾಟ್. 25 ಕೆವಿಎ ಡಿಜಿ ಒಂದು ಜಾಯಿಂಟಿಗೆ ಧಾರಾಳ.

ಥರ್ಮೋಕಪಲ್ ಕೆ ಟೈಪ್, ಕಡಿಮಿ ಅಂದ್ರ ಎರಡು: ಒಂದು ನೆತ್ತಿಗೆ, ಒಂದು ತಳಕ್ಕ. ಎರಡೂ ತಂತಿ ಬ್ಯಾರೆಬ್ಯಾರೆ, ನಡುವ 6 ಮಿಮೀ ಒಳಗ ಇಟ್ಟು ಕಪ್ಯಾಸಿಟರ್ ಮಷಿನ್‌ಲೆ ಬೆಸೀರಿ. ಮ್ಯಾಲೆ ಸೆರಾಮಿಕ್ ಫೈಬರ್ ಚೂರು ಮುಚ್ಚಲಿಲ್ಲಂದ್ರ ಅದು ಪೈಪಿನ ತಾಪ ತೋರಸೂದಿಲ್ಲ, ಪ್ಯಾಡಿಂದು ತೋರಸತೈತಿ. ಚಾರ್ಟ್ ಚಂದ ಇರತೈತಿ, ಜಾಯಿಂಟ್ ಹಸಿ ಉಳೀತೈತಿ. ಬಾಳ ಕಡೆ ತಪ್ಪೂದು ಇಲ್ಲೇ. ಮ್ಯಾಲಿನ ಪ್ಯಾಡು, ತಳದ ಪ್ಯಾಡು ಬ್ಯಾರೆ ಚಾನಲಿಗೆ ಹಾಕ್ರಿ, ತಳ ಯಾವಾಗ್ಲೂ ಹಿಂದ ಬೀಳತೈತಿ.

ಫೈಬರ್ ಹೊದಿಕಿ 350 ಮಿಮೀಗಿಂತ ಅಗಲ ಇರಲಿ. ಪೈಪಿನ ಎರಡೂ ಬಾಯಿ ಫೈಬರ್‌ಲೆ ಮುಚ್ಚರಿ. ಇಲ್ಲಂದ್ರ ಒಳಗ ಗಾಳಿ ಎಳದು ರೂಟ್ (ಬೆಸುಗಿಯ ಒಳ ತಳ) ಬಿಸಿ ಏರಂಗಿಲ್ಲ. ಮಳಿ ಇದ್ರ ತಾಡಪತ್ರಿ ಕಟ್ಟರಿ. ಜಾಯಿಂಟಿನ ಎರಡೂ ಕಡೆ ಆಸರ ಕೊಡ್ರಿ, ಆದ್ರ ಬಿಗಿಯಾಗಿ ಹಿಡಿಬ್ಯಾಡ್ರಿ. 700ಕ್ಕ ಉಕ್ಕು ಮೆತ್ತಗ ಆಗಿರತೈತಿ, ತನ್ನ ಭಾರಕ್ಕ ಜೋತು ಬೀಳತೈತಿ.

315 ದಾಟಿದ ಮ್ಯಾಲೆ ಗಂಟೆಗೆ 150 ಏರಸ್ರಿ, ಡಬ್ಲ್ಯುಪಿಎಸ್ ತಾಪಕ್ಕ 1 ಗಂಟೆ ನಿಲ್ಲಸ್ರಿ, ಅದೇ ವೇಗದಾಗ 315ರ ತನಕ ಇಳಸ್ರಿ, ಆಮ್ಯಾಲೆ ಹೊದಿಕಿ ಒಳಗ ಆರಲಿ. ಒಂದು ಜಾಯಿಂಟಿಗೆ 7 ತಾಸು ಹಿಡೀರಿ.

ತಾರಿಹಾಳ_ಫ್ಯಾಬ್:
ಸೋಕಿಂಗ್ ನಡುವ ಡಿಜಿ ನಿಂತ್ರ? ಮತ್ತ ಬರೇ ಕಾರ್ಬನ್ ಸ್ಟೀಲ್ ಪೈಪಿಗಾದ್ರ ಕಿಟ್ ನಡೀತೈತೇನ್ರಿ?

ಗದಗ_ಹೀಟರ್:
ಹೊದಿಕಿ ಮುಟ್ಟಬ್ಯಾಡ್ರಿ. ಹಂಗ ಆರಲಿ, ಡಿಜಿ ಬಂದ ಮ್ಯಾಲೆ ಅದೇ ವೇಗದಾಗ ಏರಸಿ ಸೋಕಿಂಗ್ ಪೂರ್ತಿ ಮತ್ತೊಮ್ಮೆ ಕೊಡ್ರಿ. ನಿಂತ ಹೊತ್ತು ಚಾರ್ಟಿನ ಮ್ಯಾಲೆ ಬರೀರಿ. ಆದ್ರ ಬೆಸುಗಿ ನಡುವ ಪ್ರೀಹೀಟ್ (ಬೆಸುಗಿಗೆ ಮೊದಲ ಕೊಟ್ಟ ಬಿಸಿ) ಹೋಗೂದು ಇದಕ್ಕಿಂತ ಕೆಟ್ಟದ್ದು. 150 ಡಿಗ್ರಿ ಹಿಡಿಯಾಕ ಎಲ್‌ಪಿಜಿ ಬರ್ನರ್ ತಯಾರ ಇಟ್ಟುಕೊಳ್ರಿ.

ಹದ_ಲೆಕ್ಕ (ಧಾರವಾಡ):
ಕಾರ್ಬನ್ ಸ್ಟೀಲಿಗೆ ಪಿಡಬ್ಲ್ಯುಎಚ್‌ಟಿ 600-650 ಡಿಗ್ರಿ, ಕೆಳ ಕ್ರಿಟಿಕಲ್ ಸುಮಾರು 725. ಅಂತರ ಹೆಚ್ಚು, ತಪ್ಪಿದರೆ ಕೆಡುವುದು ಕಡಿಮೆ. ಗ್ರಾಹಕರು ಬರವಣಿಗೆಯಲ್ಲಿ ಒಪ್ಪಿದರೆ ನೇರ ಪೈಪಿನ ಜಾಯಿಂಟಿಗೆ ಬಳಸಬಹುದು. ವಾಲ್ವ್, ಫ್ಲೇಂಜ್, ಟೀ ಪಕ್ಕದಲ್ಲಿ ಬೇಡ, ದಪ್ಪ ಬೇರೆಯಾದ ಕಡೆ ಒಂದು ಬದಿ ತಣ್ಣಗೇ ಉಳಿಯುತ್ತದೆ. ಅಚ್ಚುಗಳು ತೇವ ಹೀರಿದ್ದರೆ ಸಿಡಿಯುತ್ತವೆ, ಇಲ್ಲವೇ ಅರ್ಧಕ್ಕೆ ಆರುತ್ತವೆ. ಪೈಪಿನೊಳಗೆ ಹನಿ ನೀರೂ ಇರಬಾರದು, ಎರಡೂ ತುದಿಯಲ್ಲಿ ಗಾಳಿ ಹೊರಬೀಳಲು ದಾರಿ ಇರಲಿ. ಉರಿಯುವ ಕಿಟ್ ಮೇಲೆ ಯಾವ ಕಾರಣಕ್ಕೂ ನೀರು ಹಾಕಬೇಡಿ, ಒಣ ಮರಳು ಹತ್ತಿರವಿರಲಿ.

ನಿಮ್ಮ ಪಿ11 ಜಾಯಿಂಟ್‌ಗಳಿಗೆ ಚಾರ್ಟ್ ಆದ ಮೇಲೆ ಗಡಸುತನವನ್ನೂ ಬೆಸುಗೆಯ ಮೇಲೆ, ಎರಡೂ ಬದಿಯ ಶಾಖ ತಾಗಿದ ಪಟ್ಟಿಯ ಮೇಲೆ ಅಳೆಯಿರಿ. 225 ಬ್ರಿನೆಲ್ ಮೀರಿದ ಜಾಯಿಂಟ್ ಇದ್ದರೆ ಅದರ ತಳದ ಥರ್ಮೋಕಪಲ್‌ನ ಗೆರೆಯನ್ನು ಮೊದಲು ನೋಡಿ.